ರಾಜಗೌರವ ಮತ್ತು ದೇವಾರಾಧನೆ: ಹೆರಾತಿನ ರಾಯಭಾರಿ ಕಂಡ ವಿಜಯನಗರ

ನವರಾತ್ರಿ ಬಂತೆಂದರೆ ಭದ್ರಾವತಿಯ ನಮ್ಮ ನ್ಯೂ ಟೌನಿನಲ್ಲೂ ಮೈಸೂರಿನ ಮಾತು ಕೇಳಿಬರುತ್ತದೆ. ವಿಜಯದಶಮಿಯಂದು ದೂರದರ್ಶನದ ಮುಂದೆ ಕುಳಿತು ಜಂಬೂ ಸವಾರಿ ನೋಡದ ಮನೆಗಳು ಇಲ್ಲಿ ವಿರಳ. ಅಂತಹ ಒಂದು ದಸರೆಯ ಮರುವಾರ, ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಕಾಲೇಜು ಓದುವ ಯುವಕನೊಬ್ಬ ನಮ್ಮಲ್ಲಿ ಒಂದು ಪ್ರಶ್ನೆಯನ್ನಿಟ್ಟ: “ಹಿಂದಿನ ಕಾಲದಲ್ಲಿ ಅರಸರನ್ನು ಜನರು ದೇವರಂತೆಯೇ ಕಾಣುತ್ತಿದ್ದರಲ್ಲವೇ? ಆಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಅವರೂ ತಲೆಬಾಗಿದರೇ, ಅಥವಾ ದೂರ ನಿಂತರೇ?”

ಪ್ರಶ್ನೆ ಸರಳವಾಗಿ ಕಂಡರೂ ಅದರ ಬೇರು ಆಳವಾದುದು. ತೌಹೀದಿನ ವಿಶ್ವಾಸವನ್ನು ಎದೆಯಲ್ಲಿಟ್ಟುಕೊಂಡವನು, ಒಬ್ಬ ಮನುಷ್ಯನ ಸುತ್ತ ಇಡೀ ನಾಡೇ ಭಕ್ತಿಯಿಂದ ನೆರೆದಾಗ ಯಾವ ನಿಲುವನ್ನು ತಾಳಬೇಕು? ಇದಕ್ಕೆ ಉತ್ತರವನ್ನು ಹುಡುಕುವಾಗ ನಮಗೆ ಮೊದಲು ನೆನಪಾಗುವವರು ಸುಮಾರು 580 ವರ್ಷಗಳ ಹಿಂದೆ ಕನ್ನಡ ನಾಡಿಗೆ ಬಂದ ಒಬ್ಬ ವಿದೇಶೀ ಮುಸ್ಲಿಮ್, ಅಬ್ದುರ್ರಝಾಕ್ ಸಮರ್‌ಖಂದಿ.

1413ರಲ್ಲಿ ಹೆರಾತಿನಲ್ಲಿ ಜನಿಸಿದ ಅವರು ತೈಮೂರನ ಮಗನಾದ ಸುಲ್ತಾನ್ ಶಾರುಖನ ಆಸ್ಥಾನದ ವಿದ್ವಾಂಸರು. 1442ರಲ್ಲಿ ಸುಲ್ತಾನನು ಅವರನ್ನು ರಾಯಭಾರಿಯಾಗಿ ಭಾರತಕ್ಕೆ ಕಳುಹಿಸಿದನು. ಹೊರ್ಮುಝ್‌ನಿಂದ ಕಡಲ ದಾರಿ ಹಿಡಿದು ಅವರು ಕಲ್ಲಿಕೋಟೆಯನ್ನು ತಲುಪಿದರು. ಅಲ್ಲಿರುವಾಗಲೇ ವಿಜಯನಗರದ ಅರಸನಾದ ಎರಡನೆಯ ದೇವರಾಯನಿಂದ ಆಹ್ವಾನ ಬಂದಿತು. ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟವೇರಿ ಅವರು 1443ರ ಏಪ್ರಿಲ್ ಕೊನೆಯ ವೇಳೆಗೆ ರಾಜಧಾನಿಯನ್ನು ಸೇರಿದರು. ಹೆರಾತಿಗೆ ಮರಳಿದ ಮೇಲೆ ತಾವು ಕಂಡುದನ್ನೆಲ್ಲ ‘ಮತ್ಲಉಸ್ಸಅದೈನ್’ ಎಂಬ ಪರ್ಷಿಯನ್ ಇತಿಹಾಸ ಗ್ರಂಥದಲ್ಲಿ ಬರೆದಿಟ್ಟರು.

ಅವರ ಕಣ್ಣು ಎಂತಹುದೆಂಬುದು ದಾರಿಯಲ್ಲೇ ತಿಳಿಯುತ್ತದೆ. ಮಂಗಳೂರಿನ ಸಮೀಪದಲ್ಲಿ ಅವರು ಲೋಹದಲ್ಲಿ ಎರಕ ಹೊಯ್ದ ಒಂದು ದೇವಾಲಯವನ್ನು ಕಂಡರು. ಅದರೊಳಗೆ ಮನುಷ್ಯನಷ್ಟೇ ಎತ್ತರದ ಚಿನ್ನದ ವಿಗ್ರಹ. ಅದರ ಕಣ್ಣುಗಳಿಗೆ ಕೆಂಪು ಮಾಣಿಕ್ಯಗಳು. ಆ ವಿಗ್ರಹವು ಅವರ ಆರಾಧ್ಯವಲ್ಲ. ಆದರೂ ಅದನ್ನು ಮಾಡಿದ ಕೈಗಳ ಕುಶಲತೆಯನ್ನು ಅವರು ಮುಕ್ತವಾಗಿ ಹೊಗಳಿದರು. ಅವರ ಬರವಣಿಗೆಯಲ್ಲಿ ಆ ಕಾಲದ ಪರ್ಷಿಯನ್ ಶೈಲಿಯ ಅತಿಶಯೋಕ್ತಿಗಳಿವೆ, ಪರಧರ್ಮದ ಬಗೆಗೆ ಕಟುವಾದ ಶಬ್ದಗಳೂ ಇವೆ. ಆದರೆ ಕಂಡ ಸೊಬಗನ್ನು ಮರೆಮಾಚುವ ಕೃಪಣತೆ ಇಲ್ಲ.

ಅರಸನೊಂದಿಗಿನ ಮೊದಲ ಭೇಟಿಯನ್ನು ಅವರು ವಿವರವಾಗಿ ಚಿತ್ರಿಸಿದ್ದಾರೆ. ಹಲವು ಕಂಬಗಳ ಸಭಾಮಂಟಪದಲ್ಲಿ ದೇವರಾಯನು ಆಸೀನನಾಗಿದ್ದನು. ಎಡಬಲಗಳಲ್ಲಿ ಬ್ರಾಹ್ಮಣರ ಮತ್ತು ಪರಿವಾರದವರ ದೊಡ್ಡ ಗುಂಪು. ಅರಸನು ಎತ್ತರದ, ತೆಳ್ಳನೆಯ ಮೈಕಟ್ಟಿನ ತರುಣ. ಕೊರಳಲ್ಲಿ ಬೆಲೆಬಾಳುವ ಮುತ್ತಿನ ಹಾರ. ರಾಯಭಾರಿಯು ಸಭಾಮರ್ಯಾದೆಗೆ ತಕ್ಕಂತೆ ತಲೆಬಾಗಿ ವಂದಿಸಿದರು. ಅರಸನು ಅವರನ್ನು ತನ್ನ ಸಮೀಪದಲ್ಲೇ ಕುಳ್ಳಿರಿಸಿಕೊಂಡನು. ಮೈಮೇಲಿದ್ದ ಹಲವು ಪದರದ ಉಡುಪುಗಳಿಂದಲೂ ಸೆಕೆಯಿಂದಲೂ ಅತಿಥಿ ಬೆವರುತ್ತಿರುವುದನ್ನು ಕಂಡು, ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟನು. ಬೀಳ್ಕೊಡುವಾಗ ವೀಳ್ಯ, ಕರ್ಪೂರಗಳನ್ನಿತ್ತು ಮನ್ನಿಸಿದನು. ರಾಯಭಾರಿಯ ನಿತ್ಯದ ಖರ್ಚಿಗೆಂದು ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಹಾಗೂ ಎರಡು ವರಹಗಳನ್ನು ಗೊತ್ತುಪಡಿಸಲಾಯಿತು.

ಆ ವರ್ಷದ ಮಹಾನವಮಿಯೇ ಅವರು ಕಂಡ ಅತಿ ದೊಡ್ಡ ದೃಶ್ಯ. ಮೂರು ನಾಲ್ಕು ತಿಂಗಳ ಪಯಣದಷ್ಟು ದೂರದ ಸೀಮೆಗಳಿಂದಲೂ ನಾಯಕರು, ಪ್ರಮುಖರು ಅರಸನ ಅಪ್ಪಣೆಯಂತೆ ರಾಜಧಾನಿಗೆ ಬಂದು ನೆರೆದರು. ಕವಚ ತೊಡಿಸಿ, ಅಂಬಾರಿಗಳನ್ನು ಹೊರಿಸಿ ಸಿಂಗರಿಸಿದ ಸಾವಿರ ಆನೆಗಳು ಬಂದವು. ವಿಶಾಲವಾದ ಬಯಲಿನಲ್ಲಿ ಹಲವು ಅಂತಸ್ತುಗಳ ಮಂಟಪಗಳು ಎದ್ದವು. ಅವುಗಳ ಮೇಲೆ ಮನುಷ್ಯರ, ಮೃಗಪಕ್ಷಿಗಳ ಚಿತ್ರಗಳು. ಎದುರಿಗೆ ಒಂಬತ್ತು ಅಂತಸ್ತಿನ ಭವ್ಯ ಮಂಟಪ. ಅದರ ತುದಿಯಲ್ಲಿ ಅರಸನ ಸಿಂಹಾಸನ. ಏಳನೆಯ ಅಂತಸ್ತಿನಲ್ಲಿ ರಾಯಭಾರಿಗೆ ಸ್ಥಳ. ಮೂರು ದಿನಗಳ ಕಾಲ ಹಾಡುಗಾರರು, ಕಥೆಗಾರರು, ನರ್ತಕಿಯರು, ಕಸರತ್ತಿನವರು ಅರಸನೆದುರು ತಮ್ಮ ವಿದ್ಯೆಯನ್ನು ತೋರಿದರು. ಪಳಗಿದ ಆನೆಗಳು ತೊಲೆಯ ಮೇಲೆ ನಿಂತು ವಾದ್ಯದ ತಾಳಕ್ಕೆ ಸೊಂಡಿಲಾಡಿಸಿದವು.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಇದೇ ಹಬ್ಬವನ್ನು ಕಂಡ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಕೂಡ ಬೆರಗಾದನು. ತಾನು ಕಾಣುತ್ತಿರುವುದು ಕನಸೋ ಎಂಬ ಭಾವ ಅವನಿಗೂ ಉಂಟಾಯಿತು. ಹೊರಗಿನಿಂದ ಬಂದವನಿಗೆ ರಾಜಭಕ್ತಿಯ ಜನಸಾಗರವು ಮೊದಲು ಬೆರಗನ್ನೇ ಹುಟ್ಟಿಸುತ್ತದೆ. ಆದರೆ ಅಬ್ದುರ್ರಝಾಕರು ಬೆರಗಿನಲ್ಲೇ ನಿಲ್ಲಲಿಲ್ಲ. ಅದೇ ಸಿಂಹಾಸನದ ಹಿಂದಿನ ನೆರಳನ್ನೂ ಅವರು ದಾಖಲಿಸಿದರು.

ಅವರು ಕಲ್ಲಿಕೋಟೆಯಲ್ಲಿದ್ದ ತಿಂಗಳುಗಳಲ್ಲಿ ವಿಜಯನಗರದಲ್ಲಿ ಒಂದು ಭೀಕರ ಘಟನೆ ನಡೆದಿತ್ತು. ಅರಸನ ಸಹೋದರನು ಹೊಸ ಮನೆಯ ಔತಣಕ್ಕೆಂದು ರಾಜ್ಯದ ಪ್ರಮುಖರನ್ನು ಕರೆದನು. ಒಬ್ಬೊಬ್ಬರನ್ನೇ ಒಳಗೆ ಕರೆದು ಕೊಲ್ಲಿಸಿದನು. ಹೊರಗೆ ನಗಾರಿ, ಕಹಳೆಗಳು ಮೊಳಗುತ್ತಿದ್ದುದರಿಂದ ಒಳಗಿನ ಆಕ್ರಂದನ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಅವನು ಅರಸನನ್ನೇ ಇರಿದನು. ದೇವರಾಯನು ಗಾಯಗೊಂಡರೂ ಬದುಕುಳಿದನು, ಇರಿದವನು ಹತನಾದನು. ಮಹಾನವಮಿಯಲ್ಲಿ ಜನಸ್ತೋಮವು ಕಂಡ ಅರಸನು ಕೆಲವೇ ತಿಂಗಳ ಹಿಂದೆ ಒಡಹುಟ್ಟಿದವನ ಕೈಯಿಂದಲೇ ಇರಿತಕ್ಕೊಳಗಾದ ಒಬ್ಬ ಮನುಷ್ಯನಾಗಿದ್ದನು. ಸಾವಿರ ಆನೆಗಳಾಗಲಿ ಲಕ್ಷ ಜನರ ಜಯಘೋಷವಾಗಲಿ ಮನುಷ್ಯನನ್ನು ಸಾವಿನಿಂದಾಚೆಗೆ ಕೊಂಡೊಯ್ಯಲಾರವು.

ರಾಜಾಶ್ರಯದ ಚಂಚಲತೆಯನ್ನು ರಾಯಭಾರಿಯು ಸ್ವತಃ ಅನುಭವಿಸಿದರು. ಇವರು ನಿಜವಾದ ರಾಯಭಾರಿಯೇ ಅಲ್ಲವೆಂದು ಹೊರ್ಮುಝಿನ ಕೆಲವರು ಚಾಡಿ ಹೇಳಿದರು. ಅವರಿಗೆ ಸಲ್ಲುತ್ತಿದ್ದ ಮನ್ನಣೆ ಕುಗ್ಗಿತು, ನಿತ್ಯದ ಪಡಿಗೂ ಕುತ್ತು ಬಂದಿತು. ಚಾಡಿ ಹೇಳಿದವರು ಪರಧರ್ಮೀಯರಲ್ಲ, ಅವರದೇ ಸೀಮೆಯಿಂದ ಬಂದವರು ಎಂಬುದನ್ನೂ ನಾವು ಮರೆಯಬಾರದು.

ಈಗ ಯುವಕನ ಪ್ರಶ್ನೆಗೆ ಬರೋಣ. ರಾಯಭಾರಿಯೇನೋ ಕೆಲವು ತಿಂಗಳ ಅತಿಥಿ. ಆ ಅರಸನ ಅನ್ನವನ್ನುಂಡು, ಅವನ ಸೇನೆಯಲ್ಲಿ ದುಡಿದು ಬಾಳಿದ ಮುಸ್ಲಿಮರ ಪಾಡೇನು? ಇದಕ್ಕೆ ಇತಿಹಾಸಕಾರ ಫಿರಿಶ್ತಾ ಒಂದು ಅಪೂರ್ವ ಸಂಗತಿಯನ್ನು ಹೇಳುತ್ತಾನೆ. ಬಹಮನಿಗಳ ಎದುರು ತನ್ನ ಸೇನೆ ಸೋಲುತ್ತಿರುವುದಕ್ಕೆ ಒಳ್ಳೆಯ ಕುದುರೆಗಳ ಹಾಗೂ ಬಿಲ್ಲಾಳುಗಳ ಕೊರತೆ ಕಾರಣವೆಂದು ಅರಿತ ದೇವರಾಯನು ಮುಸ್ಲಿಮ್ ಯೋಧರನ್ನು ತನ್ನ ಸೇವೆಗೆ ಸೇರಿಸಿಕೊಂಡನು. ಅವರಿಗೆ ಜಹಗೀರುಗಳನ್ನು ಕೊಟ್ಟನು, ನಗರದಲ್ಲಿ ಮಸೀದಿಯನ್ನು ಕಟ್ಟಿಸಿದನು. ಅಷ್ಟೇ ಅಲ್ಲ, ತನ್ನ ಸಿಂಹಾಸನದ ಮುಂದೆ ಅಲಂಕೃತವಾದ ಪೀಠದ ಮೇಲೆ ಪವಿತ್ರ ಕುರ್‌ಆನಿನ ಪ್ರತಿಯನ್ನು ಇರಿಸಿದನು. ಮುಸ್ಲಿಮ್ ಯೋಧರು ತಮ್ಮ ಧರ್ಮದ ವಿಧಿಯನ್ನು ಮೀರದೆಯೇ ಆಸ್ಥಾನದ ವಂದನೆಯನ್ನು ಸಲ್ಲಿಸಲೆಂಬುದು ಅವನ ಉದ್ದೇಶವಾಗಿತ್ತು.

ಫಿಕ್ಹ್‌ನ ದೃಷ್ಟಿಯಿಂದ ನೋಡಿದರೆ ಕುರ್‌ಆನಿನ ಪ್ರತಿಗೂ ಸುಜೂದ್ ಸಲ್ಲದು. ಸುಜೂದ್ ಅದನ್ನು ಅವತೀರ್ಣಗೊಳಿಸಿದ ಅಲ್ಲಾಹನಿಗೆ ಮಾತ್ರ. ಆದುದರಿಂದ ಆ ವ್ಯವಸ್ಥೆಯನ್ನು ನಾವು ಧಾರ್ಮಿಕ ಮಾದರಿಯೆಂದು ಮುಂದಿಡುತ್ತಿಲ್ಲ. ನಮ್ಮನ್ನು ತಡೆದು ನಿಲ್ಲಿಸುವುದು ಅದರ ಹಿಂದಿನ ಮನಸ್ಸು. ತನ್ನ ಮುಂದೆ ನಿಂತ ಸೈನಿಕನ ತಲೆಯೊಳಗೆ ತನಗಿಂತ ಎತ್ತರದ ಸ್ಥಾನವೊಂದಿದೆ ಎಂಬುದನ್ನು ಆ ಅರಸನು ಒಪ್ಪಿಕೊಂಡನು. ಅದನ್ನು ದ್ರೋಹವೆಂದು ತಿಳಿಯಲಿಲ್ಲ. ಅವರ ನಿಷ್ಠೆಯನ್ನು ಪಡೆಯಲು ಅವರ ವಿಶ್ವಾಸವನ್ನು ಮುರಿಯಬೇಕೆಂದು ಭಾವಿಸಲಿಲ್ಲ.

ಆ ನಿಷ್ಠೆಯ ಸಾಕ್ಷಿ ಇಂದಿಗೂ ಹಂಪಿಯಲ್ಲಿದೆ. ಅಹ್ಮದ್ ಖಾನ್ ಎಂಬ ಅಧಿಕಾರಿಯು 1439ರಲ್ಲಿ ಅಲ್ಲಿ ಮಸೀದಿಯೊಂದನ್ನು ಕಟ್ಟಿಸಿದನು. ಅದರ ಶಾಸನವು ಆ ಕಟ್ಟಡವನ್ನು ಧರ್ಮಸಾಲೆಯೆಂದು ಕರೆಯುತ್ತದೆ. ಅದನ್ನು ಕಟ್ಟಿಸಿದ್ದು ದೇವರಾಯನ ಶ್ರೇಯಸ್ಸಿಗಾಗಿ ಎನ್ನುತ್ತದೆ. ಅರಸನಿಗೆ ಶ್ರೇಯಸ್ಸನ್ನು ಕೋರುವುದು ಒಂದು, ಅರಸನನ್ನು ಆರಾಧಿಸುವುದು ಇನ್ನೊಂದು. ನಮ್ಮ ಹಿರಿಯರು ಈ ಎರಡರ ನಡುವಿನ ಗೆರೆಯನ್ನು ಅರಿತಿದ್ದರು.

ಈ ಗೆರೆಯನ್ನು ಎಳೆದವರು ಪ್ರವಾದಿ ಮುಹಮ್ಮದ್(ಸ)ರವರು. ಅಬಿಸೀನಿಯಾಕ್ಕೆ ವಲಸೆ ಹೋದ ಮುಸ್ಲಿಮರ ಮುಂದಾಳು ಜಅಫರ್ ಬಿನ್ ಅಬೀತಾಲಿಬ್(ರ) ನಜ್ಜಾಶಿ ರಾಜನ ಆಶ್ರಯವನ್ನು ಬೇಡಲು ಹೋದವರು. ಆದರೂ ಅವನ ಮುಂದೆ ಸಾಷ್ಟಾಂಗವೆರಗಲಿಲ್ಲ, ನಾವು ಅಲ್ಲಾಹನಿಗಲ್ಲದೆ ಯಾರಿಗೂ ಎರಗುವುದಿಲ್ಲವೆಂದು ವಿನಯದಿಂದಲೇ ತಿಳಿಸಿದರೆಂದು ವರದಿಯಿದೆ. ಆ ನ್ಯಾಯವಂತ ರಾಜನು ಅವರನ್ನು ಶತ್ರುಗಳ ಕೈಗೆ ಒಪ್ಪಿಸಲಿಲ್ಲ. ಮುಆದ್(ರ)ರವರು ಶಾಮ್ ದೇಶದಲ್ಲಿ ಜನರು ತಮ್ಮ ಧರ್ಮಗುರುಗಳಿಗೂ ಸರದಾರರಿಗೂ ಎರಗುವುದನ್ನು ಕಂಡು ಬಂದು, ಪ್ರವಾದಿ(ಸ)ರಿಗೂ ಹಾಗೆಯೇ ಎರಗಲು ಮುಂದಾದಾಗ ಪ್ರವಾದಿ(ಸ)ರು ಅದನ್ನು ತಡೆದರು. ತಮಗಾಗಿ ಜನರು ಎದ್ದು ನಿಲ್ಲುವುದನ್ನೂ ಅವರು ಇಷ್ಟಪಡುತ್ತಿರಲಿಲ್ಲ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗಾಗಿಯೇ ಗ್ರಹಣವಾಯಿತೆಂದು ಜನರು ಆಡಿಕೊಂಡರು. ಪುತ್ರಶೋಕದ ನಡುವೆಯೂ ಪ್ರವಾದಿ(ಸ)ರು ಆ ಮಾತನ್ನು ತಿದ್ದಿದರು: ಯಾರ ಹುಟ್ಟುಸಾವಿಗೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ, ಅವು ಅಲ್ಲಾಹನ ಕುರುಹುಗಳು. ಜನರು ತಾವಾಗಿಯೇ ಕೊಡಬಂದ ಮಹಿಮೆಯನ್ನು ಹೀಗೆ ಮರಳಿಸಿದ ನಾಯಕರು ಇತಿಹಾಸದಲ್ಲಿ ಎಷ್ಟು ಮಂದಿ?

ಇಲ್ಲಿ ನಾವು ಪರರ ಕಡೆಗಷ್ಟೇ ಬೆರಳು ತೋರಿಸುವಂತಿಲ್ಲ. ಮುಸ್ಲಿಮ್ ನಾಮಧೇಯದ ದೊರೆಗಳೇ ಈ ಗೆರೆಯನ್ನು ಅಳಿಸಿದ್ದಾರೆ. ಅಕ್ಬರನ ದರ್ಬಾರಿನಲ್ಲಿ ಬಾದಶಹನಿಗೆ ಸಜ್ದಾ ಮಾಡುವ ಪದ್ಧತಿ ಬಂದಿತು. ಷಹಜಹಾನನು ಪಟ್ಟಕ್ಕೆ ಬಂದ ಮೇಲೆ ಅದನ್ನು ನಿಲ್ಲಿಸಿದನು. ದೇವರಾಯನು ತನ್ನ ಮುಸ್ಲಿಮ್ ಸೈನಿಕರಿಗೆ ಉಳಿಸಿಕೊಟ್ಟ ಅವಕಾಶವನ್ನು ಮುಸ್ಲಿಮ್ ಬಾದಶಹನೊಬ್ಬನು ಕಿತ್ತುಕೊಂಡನೆಂಬುದು ನಾವು ತಲೆತಗ್ಗಿಸಿ ಒಪ್ಪಬೇಕಾದ ಮಾತು.

ವಿಜಯನಗರದ ಮಹಾನವಮಿಯ ಪರಂಪರೆಯನ್ನು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಮುಂದುವರಿಸಿದರು. ಅದೇ ಇಂದಿನ ಮೈಸೂರು ದಸರೆ. ಆ ವಂಶದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ನಮ್ಮ ಊರು ಮರೆಯುವಂತಿಲ್ಲ. ಅವರ ಆಳ್ವಿಕೆಯಲ್ಲಿ 1918ರಲ್ಲಿ ಭದ್ರೆಯ ದಂಡೆಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಸ್ತಿವಾರ ಬಿತ್ತು, 1923ರಲ್ಲಿ ಉತ್ಪಾದನೆ ಮೊದಲಾಯಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಅವರು 1926ರಲ್ಲಿ ದಿವಾನರನ್ನಾಗಿ ಆರಿಸಿಕೊಂಡದ್ದು ಮಿರ್ಜಾ ಇಸ್ಮಾಯಿಲರನ್ನು. ಒಬ್ಬ ಮುಸ್ಲಿಮರು ಹದಿನೈದು ವರ್ಷಗಳ ಕಾಲ ಆ ರಾಜ್ಯದ ಆಡಳಿತವನ್ನು ನಡೆಸಿದರು. ನ್ಯೂ ಟೌನಿನ ಹಿರಿಯರು ಇಂದಿಗೂ ‘ಮಹಾರಾಜರು’ ಎನ್ನುವಾಗ ದನಿಯಲ್ಲೊಂದು ಗೌರವ ತುಂಬಿಕೊಳ್ಳುತ್ತದೆ. ಕುಲುಮೆಯ ಬೆಂಕಿಯಿಂದ ಮನೆಯ ಒಲೆಯೂ ಉರಿಯಿತೆಂಬ ಕೃತಜ್ಞತೆ ಅದು. ಜನರಿಗೆ ಉಪಕಾರವೆಸಗಿದವರನ್ನು ಸ್ಮರಿಸುವುದು ನಮ್ಮ ಧರ್ಮವೇ ಕಲಿಸಿದ ಶಿಷ್ಟಾಚಾರ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗನೆಂಬ ಆಶಯ ಹದೀಸ್‌ನಲ್ಲಿದೆ.

ಅರಸೊತ್ತಿಗೆ ಹೋಯಿತು. ಮೈಸೂರಿನ ಚಿನ್ನದ ಅಂಬಾರಿಯಲ್ಲಿ ಈಗ ಅರಸರು ಕೂರುವುದಿಲ್ಲ. ಆದರೆ ಮನುಷ್ಯನನ್ನು ಮನುಷ್ಯಪ್ರಮಾಣಕ್ಕಿಂತ ಮೇಲೇರಿಸುವ ಹಂಬಲ ಹೋಗಿದೆಯೇ? ರಾಜಕಾರಣಿಗಳ ಎತ್ತರದ ಪ್ರತಿಕೃತಿಗಳಿಗೆ ಹಾಲೆರೆಯುವವರಿದ್ದಾರೆ. ಸಿನಿಮಾ ನಟರಿಗಾಗಿ ಪ್ರಾಣ ಕೊಡಲು ಸಿದ್ಧರಿರುವವರಿದ್ದಾರೆ. ನಮ್ಮ ನಡುವೆಯೂ ತಮ್ಮ ಮೆಚ್ಚಿನ ಧರ್ಮಗುರು ತಪ್ಪನ್ನೇ ಮಾಡಲಾರರೆಂದು ವಾದಿಸುವವರಿದ್ದಾರೆ, ಅವರನ್ನು ಪ್ರಶ್ನಿಸಿದವನನ್ನು ಈಮಾನಿಲ್ಲದವನೆಂದು ದೂರುವವರಿದ್ದಾರೆ. ನಗಾರಿಯ ಸದ್ದು ಜೋರಾದಾಗ ಒಳಮನೆಯ ಆಕ್ರಂದನ ಕೇಳಿಸದೆಂಬ ವಿಜಯನಗರದ ಪಾಠ ಇವರಿಗೂ ನಮಗೂ ಸಮಾನ. ನಾಯಕನ ಜಯಘೋಷದಲ್ಲಿ ಬಡವನ ಅಳಲು ಮುಳುಗಿಹೋಗುವುದಾದರೆ ಆ ಘೋಷದಲ್ಲಿ ನಮ್ಮ ದನಿ ಸೇರಬಾರದು. ಅನ್ಯಾಯವೆಸಗುವ ಆಳುವವನ ಮುಂದೆ ಸತ್ಯದ ನುಡಿಯನ್ನಾಡುವುದನ್ನು ಪ್ರವಾದಿ(ಸ)ರು ಶ್ರೇಷ್ಠ ಜಿಹಾದ್ ಎಂದು ಕಲಿಸಿದ್ದಾರೆ.

ಆದುದರಿಂದ ಆ ಯುವಕನಿಗೆ ನಾವು ಕೊಡುವ ಉತ್ತರ ಇದು. ನಮ್ಮ ಹಿರಿಯರು ದೂರ ನಿಲ್ಲಲಿಲ್ಲ. ಈ ನಾಡಿನ ಸೇನೆಯಲ್ಲಿ, ಆಡಳಿತದಲ್ಲಿ, ಕುಲುಮೆಯ ಮುಂದೆ ನಿಷ್ಠೆಯಿಂದ ದುಡಿದರು. ನೆರೆಯವರ ಹಬ್ಬದ ಸೊಬಗನ್ನು ಕಂಡು ಸಂತೋಷಪಟ್ಟರು. ಅರಸನಿಗೆ ಗೌರವವನ್ನು, ದುಡಿಮೆಯನ್ನು, ಶ್ರೇಯಸ್ಸಿನ ಪ್ರಾರ್ಥನೆಯನ್ನು ಕೊಟ್ಟರು. ನೆಲಕ್ಕೆ ಮುಟ್ಟುವ ಹಣೆಯನ್ನು ಮಾತ್ರ ಅಲ್ಲಾಹನಿಗಾಗಿ ಕಾದಿಟ್ಟರು. ಎಲ್ಲರೂ ಎಲ್ಲ ಕಾಲದಲ್ಲೂ ಹೀಗೆಯೇ ಇದ್ದರೆಂದಲ್ಲ. ಇರಬೇಕಾದ ದಾರಿ ಇದು.

ದೇವರಾಯನು 1446ರಲ್ಲಿ ತೀರಿಕೊಂಡನು. ರಾಯಭಾರಿಯನ್ನು ಕಳುಹಿಸಿದ ಶಾರುಖನು 1447ರಲ್ಲಿ ತೀರಿಕೊಂಡನು. 1565ರಲ್ಲಿ ವಿಜಯನಗರವೇ ಹಾಳಾಯಿತು. ಹಂಪಿಗೆ ಹೋದವರು ಮಹಾನವಮಿ ದಿಬ್ಬವನ್ನೊಮ್ಮೆ ಹತ್ತಿ ನೋಡಲಿ. ಕಲ್ಲಿನ ಜಗಲಿ ಉಳಿದಿದೆ, ಅದರ ಬದಿಗಳಲ್ಲಿ ಆನೆ ಕುದುರೆಗಳ ಸಾಲುಗಳು ಉಳಿದಿವೆ. ಅಂತಸ್ತುಗಳಿಲ್ಲ, ಸಿಂಹಾಸನವಿಲ್ಲ, ನೆರೆದಿದ್ದ ಜನರಿಲ್ಲ. ಕುರ್‌ಆನಿನ ಕೊನೆಯ ಅಧ್ಯಾಯವು ಅಲ್ಲಾಹನನ್ನು ಮನುಷ್ಯರ ಪ್ರಭುವೆಂದೂ ಮನುಷ್ಯರ ಅರಸನೆಂದೂ ಮನುಷ್ಯರ ಆರಾಧ್ಯನೆಂದೂ ಕರೆಯುವುದರ ಅರ್ಥ ಆ ಬರಿದಾದ ಜಗಲಿಯ ಮೇಲೆ ನಿಂತಾಗ ಇನ್ನಷ್ಟು ನಿಚ್ಚಳವಾದೀತು.

ಉಪಕಾರಿಗಳನ್ನು ಗೌರವಿಸುವ ವಿನಯವನ್ನೂ, ಅಲ್ಲಾಹನಿಗಲ್ಲದೆ ಯಾರಿಗೂ ಹಣೆಯನ್ನೊಪ್ಪಿಸದ ದೃಢತೆಯನ್ನೂ ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.