ಶ್ರೀರಾಂಪುರದ ನೀರು: ನಲ್ಲಿ ಹಳ್ಳಿ ಲೆಕ್ಕದ್ದು, ಬಾಯಾರಿಕೆ ಪಟ್ಟಣದ್ದು

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಕಾಗದದ ಮೇಲೆ ಹೋಬಳಿ ಕೇಂದ್ರ, ಆಡಳಿತ ಗ್ರಾಮ ಪಂಚಾಯ್ತಿಯದು. ಆದರೆ ಹಗಲು ಹೊತ್ತಲ್ಲಿ ಇಂಥ ಊರನ್ನು ಹಳ್ಳಿ ಅನ್ನೋದು ಕಷ್ಟ. ಸುತ್ತಲ ಹಳ್ಳಿಗಳವರು ಪಹಣಿಗೆ, ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಬರುವುದು ಇಲ್ಲಿಗೇ. ತೋಟ ಮಾರಿದವರೋ ಮಕ್ಕಳನ್ನು ಓದಿಸಬೇಕೆನ್ನುವವರೋ ಬಾಡಿಗೆ ಮನೆ ಹಿಡಿಯುವುದೂ ಹೋಬಳಿ ಕೇಂದ್ರದಲ್ಲೇ. ಇಂಥ ಬೆಳೆಯುವ ಊರುಗಳ ಕುಡಿಯುವ ನೀರಿನ ಸಮಸ್ಯೆಗೆ ಬರಗಾಲ ಒಂದೇ ಕಾರಣ ಅಂತ ಹೇಳಿ ಸುಮ್ಮನಾಗೋದು ಸುಲಭ. ಅರ್ಧ ಸಮಸ್ಯೆ ಇರೋದು ಲೆಕ್ಕದಲ್ಲಿ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ (ನಮ್ಮಲ್ಲಿ 'ಮನೆ ಮನೆಗೆ ಗಂಗೆ') ಗ್ರಾಮೀಣ ಪ್ರದೇಶದಲ್ಲಿ ತಲಾ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುತ್ತೆ. ಒಳಚರಂಡಿ ಇಲ್ಲದ ಪಟ್ಟಣಕ್ಕೆ ಇದೇ ದೇಶದ ಮಾನದಂಡ 70 ಲೀಟರ್, ಒಳಚರಂಡಿ ಇದ್ದರೆ 135. ಊರು ಯಾವ ಪಟ್ಟಿಯಲ್ಲಿದೆ ಅನ್ನೋದರ ಮೇಲೆ ನಮ್ಮ ಬಾಯಾರಿಕೆ ನಿಗದಿಯಾಗುತ್ತೆ! ಅದರ ಮೇಲೆ, ಜನಸಂಖ್ಯೆಯ ಆಧಾರ ಇನ್ನೂ 2011ರ ಜನಗಣತಿ. 2021ರದ್ದು ನಡೆಯಲೇ ಇಲ್ಲ. ಆಮೇಲೆ ಬಂದವರನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು ಅಷ್ಟೇ.

ಹಾಗಾದರೆ ಪಟ್ಟಣ ಪಂಚಾಯ್ತಿ ಮಾಡಿಬಿಡಿ ಅಂತ ಕೇಳಬಹುದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ಅದಕ್ಕೆ 10 ಸಾವಿರದಿಂದ 20 ಸಾವಿರ ಜನ ಇರಬೇಕು, ಜೊತೆಗೆ ಅರ್ಧದಷ್ಟು ಉದ್ಯೋಗ ಕೃಷಿಯೇತರ ಆಗಿರಬೇಕು. ಆದರೆ ಪಟ್ಟಣವಾದ ದಿನದಿಂದ ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಇಲ್ಲ, ತೆರಿಗೆ ಏರುತ್ತೆ. ಎಷ್ಟೋ ಊರುಗಳಲ್ಲಿ ಜನರೇ ಬೇಡ ಅನ್ನೋದಕ್ಕೆ ಇದೇ ಕಾರಣ.

ಒಂದು ಸರಳ ಗುಣಾಕಾರ

ಇಂಜಿನಿಯರಿಂಗ್ ಓದಿ ಬಿಟ್ಟರೂ ಈ ಚಾಳಿ ಬಿಟ್ಟಿಲ್ಲ, ಕ್ಷಮಿಸಿ. ಲೆಕ್ಕಕ್ಕೆ 10,000 ಜನರ ಒಂದು ಊರು ಇಟ್ಟುಕೊಳ್ಳಿ. ತಲಾ 55 ಲೀಟರ್ ಅಂದ್ರೆ ದಿನಕ್ಕೆ 5.5 ಲಕ್ಷ ಲೀಟರ್. ಗಂಟೆಗೆ 5,000 ಲೀಟರ್ ಕೊಡುವ ಬೋರ್‌ವೆಲ್ ದಿನಕ್ಕೆ 10 ಗಂಟೆ ಓಡಿದರೆ 50,000 ಲೀಟರ್. ಅಂದರೆ ಅಂಥವು 11 ಬೇಕು, ಪೈಪಲ್ಲಿ ಒಂದು ಹನಿ ಸೋರದಿದ್ದರೆ. ಏಪ್ರಿಲ್‌ನಲ್ಲಿ ಅದೇ ಬೋರ್ ಗಂಟೆಗೆ 2,000 ಲೀಟರಿಗೆ ಇಳಿದರೆ 28 ಬೇಕು. ಕೊಳವೆ, ನಲ್ಲಿ, ಓವರ್‌ಹೆಡ್ ಟ್ಯಾಂಕ್ ಎಲ್ಲ ಇದ್ದೂ ವಾರಕ್ಕೊಮ್ಮೆ ನೀರು ಬಿಡುವುದು ಹೀಗೆ. ನಲ್ಲಿ ಕೂರಿಸಿದ್ದನ್ನು ಎಣಿಸಿದ್ದೇವೆ, ಮೂಲವನ್ನಲ್ಲ.

ಆ ಮೂಲವೋ, ಗಟ್ಟಿ ಬಂಡೆ. ಇಲ್ಲಿ ನೆಲದಡಿ ನೀರು ನಿಲ್ಲೋದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಅದೇ ಬಿರುಕಿಗೆ ಪಂಚಾಯ್ತಿ ಬೋರೂ ಇಳಿದಿದೆ, ತೆಂಗು-ಅಡಿಕೆ-ದಾಳಿಂಬೆ ತೋಟದ ಬೋರೂ ಇಳಿದಿದೆ. ಬೇಸಿಗೆಯಲ್ಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ ಹೆಚ್ಚೂಕಡಿಮೆ 50 ಲೀಟರ್ ಬೇಕು, ಅಂದರೆ ಒಬ್ಬ ಮನುಷ್ಯನಿಗೆ ಸರ್ಕಾರ ಗೊತ್ತು ಮಾಡಿದಷ್ಟು. ಎಕರೆಗೆ 60-70 ಮರ. ರೈತನನ್ನು ಬೈದು ಪ್ರಯೋಜನವಿಲ್ಲ, ಸಾಲ ಮಾಡಿ ಕೊರೆಸಿದ ಬೋರ್ ಬತ್ತಿದರೆ ಮೊದಲು ಒಣಗೋದು ಅವನ ತೋಟವೇ. ಆದರೆ ಆಳ ಹೆಚ್ಚಿದಂತೆ ಫ್ಲೋರೈಡ್ ತೊಂದರೆಯೂ ಹೆಚ್ಚುವುದುಂಟು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದುತ್ತೆ, ಆಮೇಲೆ ಮೂಳೆ. ಅದಕ್ಕೇ ಊರೂರಲ್ಲಿ ಕಾಯಿನ್ ಹಾಕುವ ಶುದ್ಧ ನೀರಿನ ಘಟಕ. ಮನೆ ಮುಂದೆ ಸರ್ಕಾರಿ ನಲ್ಲಿ ಇದ್ದವರೂ ಕುಡಿಯೋಕೆ ಕ್ಯಾನ್ ಹೊರುತ್ತಾರೆ.

ಅಣೆಕಟ್ಟೆ ಪಕ್ಕದಲ್ಲೇ ಇದೆಯಲ್ಲ?

ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದದ್ದು, 30 ಟಿಎಂಸಿ ಹಿಡಿಯುತ್ತೆ, ಹಿನ್ನೀರು ಹೊಸದುರ್ಗ ತಾಲ್ಲೂಕಿನ ಒಳಗೂ ಚಾಚಿದೆ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದು. 2025ರ ಜನವರಿಯಲ್ಲಿ ಮತ್ತೊಮ್ಮೆ. ಈ ಎರಡರ ನಡುವಿನ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು! ದೊಡ್ಡ ಕೆರೆ ತುಂಬೋದಕ್ಕೂ ಬೋರ್ ತುಂಬೋದಕ್ಕೂ ನೇರ ಸಂಬಂಧ ಇಲ್ಲ. ನೀರನ್ನು ಊರಿಗೆ ಎತ್ತಿ ತರೋಕೆ ಬಹುಗ್ರಾಮ ಯೋಜನೆ ಬೇಕು, ಅದಕ್ಕೆ ಕರೆಂಟು, ಪಂಪು, ಶುದ್ಧೀಕರಣ, ನಿರ್ವಹಣೆಯ ದುಡ್ಡು. ಒಂದು ಕಡೆ ಕೈಕೊಟ್ಟರೂ ಊರು ಮತ್ತೆ ಬೋರ್‌ವೆಲ್ಲಿಗೇ. ಇನ್ನು ಭದ್ರಾ ಮೇಲ್ದಂಡೆ: 29.9 ಟಿಎಂಸಿಯ ಈ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆ ದುಡ್ಡಿನ ಜಗಳ ವರ್ಷ ಕಳೆದರೂ ಮುಗಿಯಲಿಲ್ಲ, ಅದು ಬೇರೆಯೇ ಲೇಖನ.

ಹತ್ತಿರದಲ್ಲೇ ಮಾಡಬಹುದಾದ ಕೆಲಸವೂ ಇದೆ. 1999ರ ಅಂತರ್ಜಲ ಕಾಯ್ದೆ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ ತೆಗೆಯುವಂತಿಲ್ಲ. ಇದು ಗೊತ್ತಿರುವ ಪಂಚಾಯ್ತಿ ಸದಸ್ಯರು ಎಷ್ಟು ಜನ? ಮಿಷನ್ ನಿಯಮದಂತೆ ಪ್ರತಿ ಗ್ರಾಮಕ್ಕೂ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧ ಮಹಿಳೆಯರು. ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಆ ಐವರು ಯಾರು, ಕಿಟ್ ಎಲ್ಲಿದೆ, ಏಪ್ರಿಲ್‌ನಲ್ಲಿ ನಮ್ಮ ಯಾವ ಬೋರ್ ಎಷ್ಟು ಇಂಚು ನೀರು ಕೊಟ್ಟಿತು, ಅದರ ಫ್ಲೋರೈಡ್ ಎಷ್ಟು ಬಂತು. ಟ್ಯಾಂಕರ್ ಬಿಲ್ಲಿನ ಪ್ರಶ್ನೆ ಆಮೇಲೆ ಕೇಳಿದರಾಯ್ತು.