ಅಪ್ಪನ ರಿಪೋರ್ಟಿನಲ್ಲೊಂದು ಪೆಪ್ಟೈಡ್

ಹೋದ ತಿಂಗಳು ಅಪ್ಪನ ರಕ್ತ ಪರೀಕ್ಷೆ ರಿಪೋರ್ಟ್ ಬಂತು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಈಗೆರಡು ವರ್ಷದಿಂದ ಇನ್ಸುಲಿನ್. ರಿಪೋರ್ಟಿನಲ್ಲಿ 'ಸಿ-ಪೆಪ್ಟೈಡ್' ಅಂತೊಂದು ಸಾಲು ಹೊಸದಾಗಿತ್ತು. "ಏನೋ ಇದು, ಪ್ರೋಟೀನಾ? ಬೇಳೆ ಜಾಸ್ತಿ ತಿನ್ಬೇಕಾ?" ಅಂದ್ರು ಅಪ್ಪ. "ಎರಡೂ ಒಂದೇ ಕಣಪ್ಪ" ಅಂತ ಬಾಯಿಗೆ ಬಂದಿತ್ತು. ಆದ್ರೆ ಒಂದೇ ಅಲ್ಲ. ಆ ವ್ಯತ್ಯಾಸ ಗೊತ್ತಾಗೋಕೆ ವಿಜ್ಞಾನಿಗಳಿಗೇ ನೂರಕ್ಕೂ ಹೆಚ್ಚು ವರ್ಷ ಹಿಡೀತು!

'ಪ್ರೋಟೀನ್' ಅನ್ನೋ ಹೆಸರು 1838ರದ್ದು. ಸ್ವೀಡನ್ನಿನ ಬರ್ಜೀಲಿಯಸ್ ಸೂಚಿಸಿದ, ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಕೆಗೆ ತಂದ. ಅದರೊಳಗೆ ಏನಿದೆ ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ. 1902ರಲ್ಲಿ ಜರ್ಮನಿಯ ಎಮಿಲ್ ಫಿಶರ್, ಅಮೈನೋ ಆಮ್ಲಗಳು ಮಣಿಗಳ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿವೆ ಅಂದ. ಅಂಥ ಚಿಕ್ಕ ಸರ ಪೆಪ್ಟೈಡ್, ಉದ್ದ ಸರ ಪಾಲಿಪೆಪ್ಟೈಡ್. 1907ರಲ್ಲಿ ತಾನೇ 18 ಮಣಿಗಳ ಸರವೊಂದನ್ನ ಕಟ್ಟಿಯೂ ತೋರಿಸಿದ.

ಹಾಗಾದ್ರೆ ಪ್ರೋಟೀನ್ ಅಂದ್ರೆ ಉದ್ದದ ಸರ, ಅಷ್ಟೇನಾ? ಅಲ್ಲ. 1955ರ ಹೊತ್ತಿಗೆ ಕೇಂಬ್ರಿಡ್ಜಿನ ಫ್ರೆಡರಿಕ್ ಸ್ಯಾಂಗರ್ ಹಸುವಿನ ಇನ್ಸುಲಿನ್ನಿನ ಒಂದೊಂದು ಮಣಿಯನ್ನೂ ಲೆಕ್ಕ ಹಾಕಿ ಮುಗಿಸಿದ್ದ. ಅದರಲ್ಲಿ ಎರಡು ಸರ: ಒಂದರಲ್ಲಿ 21, ಇನ್ನೊಂದರಲ್ಲಿ 30. ಗಂಧಕದ ಕೊಂಡಿಗಳು ಎರಡನ್ನೂ ಬಿಗಿದಿವೆ. ಪಾಲಿಪೆಪ್ಟೈಡ್ ಎರಡು, ಪ್ರೋಟೀನ್ ಒಂದು! (ಇನ್ಸುಲಿನ್ ಪುಟ್ಟದು, ಹಾಗಾಗಿ ಅದನ್ನ ಪೆಪ್ಟೈಡ್ ಅಂತಲೂ ಕರೆಯೋರಿದ್ದಾರೆ. ಗಡಿಗೆರೆ ಅಷ್ಟು ಕರಾರುವಾಕ್ಕಲ್ಲ.)

ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಇನ್ನೊಂದು ಹೆಜ್ಜೆ ಮುಂದೆ ಹೋದ. 124 ಮಣಿಗಳ ರೈಬೋನ್ಯೂಕ್ಲಿಯೇಸ್ ಅನ್ನೋ ಪ್ರೋಟೀನಿಗೆ ಯೂರಿಯಾ ಹಾಕಿ, ಗಂಧಕದ ಕೊಂಡಿಗಳನ್ನೂ ಬಿಡಿಸಿದ. ಒಂದು ಮಣಿಯೂ ಉದುರಲಿಲ್ಲ, ಆದ್ರೆ ಮಡಿಕೆ ಬಿಚ್ಚಿಹೋಗಿ ಕೆಲಸ ನಿಂತೇಹೋಯ್ತು. ಹಾಕಿದ್ದನ್ನ ತೆಗೆದು ಗಾಳಿಗೆ ಬಿಟ್ಟಾಗ ಸರ ತಾನಾಗೇ ಮಡಚಿಕೊಂಡು ಮತ್ತೆ ಕೆಲಸ ಶುರುಮಾಡ್ತು. ಅಂದ್ರೆ ಪಾಲಿಪೆಪ್ಟೈಡ್ ಬರೀ ಸರ. ಸರಿಯಾಗಿ ಮಡಚಿಕೊಂಡು ಕೆಲಸಕ್ಕೆ ನಿಂತ್ರೆ ಪ್ರೋಟೀನ್. ಇದಕ್ಕೆ 1972ರಲ್ಲಿ ನೊಬೆಲ್ ಬಂತು.

ಇನ್ನು ಅಪ್ಪನ ರಿಪೋರ್ಟಿಗೆ ಬರ್ತೀನಿ. ಎರಡು ಸರದ ಇನ್ಸುಲಿನ್ ಮೇದೋಜೀರಕದಲ್ಲಿ ಮೊದಲು 86 ಮಣಿಗಳ ಒಂದೇ ಸರವಾಗಿರುತ್ತೆ. ಮಡಚಿಕೊಂಡು ಕೊಂಡಿ ಬಿದ್ದಮೇಲೆ ನಡುವಿನ ತುಂಡು ಕತ್ತರಿಸಿಹೋಗುತ್ತೆ. ಮೊದಲಿನ ಆ ಒಂಟಿ ಸರವನ್ನ 1967ರಲ್ಲಿ ತೋರಿಸಿದ್ದು ಶಿಕಾಗೋದ ಡೊನಾಲ್ಡ್ ಸ್ಟೈನರ್. ಕತ್ತರಿಸಿಹೋದ 31 ಮಣಿಗಳ ತುಂಡೇ ಸಿ-ಪೆಪ್ಟೈಡ್.

ಅಪ್ಪನಿಗೆ ಹೀಗೆ ಹೇಳಿದೆ: "ಮನೇಲಿ ತೆಂಗಿನಕಾಯಿ ಸುಲಿದ್ರೆ ಹಿತ್ತಲಲ್ಲಿ ಮಟ್ಟೆ ಬಿದ್ದಿರುತ್ತೆ. ಅಂಗಡಿಯಿಂದ ತಂದ ಕಾಯಿಗೆ ಮಟ್ಟೆ ಇರಲ್ಲ. ನೀವು ಚುಚ್ಚಿಕೊಳ್ಳೋ ಇನ್ಸುಲಿನ್ ಅಂಗಡಿ ಕಾಯಿ. ರಕ್ತದಲ್ಲಿ ಸಿ-ಪೆಪ್ಟೈಡ್ ಇದೆ ಅಂದ್ರೆ ಒಳಗೆ ಇನ್ನೂ ಕಾಯಿ ಸುಲೀತಿದ್ದಾರೆ ಅಂತ ಅರ್ಥ."

ಡಾಕ್ಟ್ರು ನೋಡಿ, "ಕಮ್ಮಿ ಇದೆ, ಆದ್ರೆ ಇದೆ" ಅಂದ್ರು. ಇಂಜೆಕ್ಷನ್ ನಿಲ್ಲಲಿಲ್ಲ. ಆದ್ರೂ ವಾಪಸ್ ಬರ್ತಾ ಬಸ್ಸಲ್ಲಿ ಅಪ್ಪ ತಾವಾಗೇ ನಕ್ಕು ಅಂದ್ರು: "ಹಂಗಾದ್ರೆ ಅಂಗಡಿ ಪೂರ್ತಿ ಮುಚ್ಚಿಲ್ಲ ಅನ್ನು."