ಬ್ರಹ್ಮಾವರದಲ್ಲಿ ನೆಲೆನಿಂತ ಶ್ರದ್ಧೆ

ಒಂದು ಸೀಮೆಗೆ ಹೊಸದೊಂದು ಮತವು ಬಂದು ಬೇರೂರಿದ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಅದರ ತತ್ತ್ವಗಳನ್ನೂ, ಅದನ್ನು ಸಾರಿದ ಆಚಾರ್ಯರ ಹೆಸರುಗಳನ್ನೂ, ಕಟ್ಟಿದ ಮಂದಿರಗಳ ಇಸವಿಗಳನ್ನೂ ಹೇಳಿ ವಿರಮಿಸುತ್ತಾರೆ. ಆದರೆ ಆ ಮತವನ್ನು ಕೈಕೊಂಡ ಮನೆಯ ಮಗಳಿಗೆ ಗಂಡು ದೊರೆಯಿತೆ, ಆ ಮನೆಯ ಹಿರಿಯನು ತೀರಿಕೊಂಡಾಗ ಹೆಗಲು ಕೊಡಲು ನೆರೆಕರೆಯವರು ಬಂದರೆ, ಆ ಮನೆಯ ಜಗಲಿಯಲ್ಲಿ ಕುಳಿತ ನೆಂಟನು ಕೊಟ್ಟ ನೀರನ್ನು ಮುಟ್ಟಿದನೆ ಎಂಬ ಪ್ರಶ್ನೆಗಳನ್ನು ಕೇಳಿದ ಹೊರತು ಆ ಚರಿತ್ರೆಯ ಒಳಮನೆಗೆ ಪ್ರವೇಶ ದೊರೆಯದು. ಬ್ರಹ್ಮಾವರದ ಸಿರಿಯನ್ ಕ್ರೈಸ್ತರ ವೃತ್ತಾಂತವು ಈ ಪ್ರಶ್ನೆಗಳನ್ನು ಕೇಳಲು ತಕ್ಕುದಾದ ವೃತ್ತಾಂತ. ನಮ್ಮ ಕರಾವಳಿಯವರೇ ಅದನ್ನು ಅಷ್ಟಾಗಿ ಅರಿಯದಿರುವುದರಿಂದ ಇಲ್ಲಿ ಸಾವಕಾಶವಾಗಿ ಹೇಳಬೇಕಾಗಿದೆ.

ಬೈಂದೂರಿನಿಂದ ಕುಂದಾಪುರವನ್ನು ಹಾದು ಬ್ರಹ್ಮಾವರದವರೆಗೆ ಹಬ್ಬಿದ ಈ ಕಿರಿಯಗಲದ ನೆಲವು ಒಂದೇ ಶ್ರದ್ಧೆಯ ನೆಲವಾಗಿ ಎಂದೂ ಇದ್ದುದಲ್ಲ. ಹಟ್ಟಿಯಂಗಡಿಯ ಬಸದಿ, ಕೊಲ್ಲೂರಿನ ಮೂಕಾಂಬಿಕೆಯ ಗುಡಿ, ಆಳುಪರ ಬಾರಕೂರು, ಕಡಲ ವ್ಯಾಪಾರಿಗಳ ಬಸರೂರು ಇವೆಲ್ಲವೂ ಒಂದೆರಡು ದಿನಗಳ ಕಾಲ್ನಡಿಗೆಯೊಳಗೆ ದೊರೆಯುತ್ತವೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಪಂಚಗಂಗಾವಳಿಯ ಅಳಿವೆಯ ಬಳಿ ಕೋಟೆ ಕಟ್ಟಿದರು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯು ತನ್ನ ಆರಂಭವನ್ನು 1570ಕ್ಕೆ ಎಣಿಸುತ್ತದೆ. ಕೆಳದಿಯ ನಾಯಕರು ಪೋರ್ಚುಗೀಸರನ್ನು ಈ ತೀರದಿಂದ ಹೊರಗಟ್ಟಿದ ಮೇಲೆಯೂ ಅಕ್ಕಿಯ ವ್ಯಾಪಾರವು ಎರಡು ಕಡೆಯವರನ್ನೂ ಮತ್ತೆ ಸಂಧಿಗೆ ಕರೆತಂದಿತು. 1678ರ ಒಪ್ಪಂದದಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆತು, ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು ಅದೇ ವರ್ಷ ತಲೆಯೆತ್ತಿತು.

ಆದರೆ ಈ ಇಗರ್ಜಿಗಳ ಮೇಲೆ ಅಧಿಕಾರ ಯಾರದೆಂಬ ವ್ಯಾಜ್ಯವೂ ಅವುಗಳ ಜೊತೆಯಲ್ಲಿಯೇ ಹುಟ್ಟಿತು. ಪೂರ್ವದೇಶಗಳ ಕ್ರೈಸ್ತರ ಪಾಲನೆಯು ಪೋಪರ ಹಳೆಯ ವರದಾನದಂತೆ ಪೋರ್ಚುಗಲ್ಲಿನ ಅರಸನಿಗೂ ಆತನ ಗೋವೆಯ ಆರ್ಚ್‌ಬಿಷಪ್ಪನಿಗೂ ಸೇರಿದ್ದಾಗಿತ್ತು. ಇದಕ್ಕೆ ಪದ್ರುವಾದೊ ಎಂದು ಹೆಸರು. ರೋಮಿನಿಂದ ನೇರವಾಗಿ ಕಳುಹಿಸಲ್ಪಟ್ಟ ಪ್ರಪಗಾಂಡದ ಗುರುಗಳು ಬಂದಾಗ ಒಂದೇ ಊರಿನಲ್ಲಿ ಎರಡು ಒಡೆತನಗಳಾದುವು. 1681ರಲ್ಲಿ ಗೋವೆಯಿಂದ ಬಂದ ಜೋಸೆಫ್ ವಾಜರು ಈ ಒಡಕಿನ ನಡುವೆಯೇ ಕಲ್ಯಾಣಪುರ, ಬಸರೂರು, ಕುಂದಾಪುರ, ಗಂಗೊಳ್ಳಿಗಳ ಕ್ರೈಸ್ತರನ್ನು ಸಂಧಿಸುತ್ತ, ಹೊಳೆಗಳನ್ನು ಕಡವಿನ ದೋಣಿಗಳಲ್ಲಿ ದಾಟುತ್ತ, ಎರಡು ಪಕ್ಷಗಳ ನಡುವೆ ಶಾಂತಿಯನ್ನು ಬಯಸಿ ಮೂರು ವರ್ಷ ದುಡಿದು ಹಿಂದಿರುಗಿದರು. ಮುಂದೆ ಡಚ್ಚರ ಕಾಲದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೋಗಿ ಸೇವೆ ಸಲ್ಲಿಸಿದ ಇವರನ್ನು 2015ರಲ್ಲಿ ಕೊಲಂಬೊ ನಗರದಲ್ಲಿ ಸಂತರೆಂದು ಸಾರಲಾಯಿತು. ಅವರು ಶಮನಗೊಳಿಸಲೆಳಸಿದ ವ್ಯಾಜ್ಯವಾದರೋ ಇನ್ನೆರಡು ಶತಮಾನ ಹೊಗೆಯಾಡುತ್ತಲೇ ಇದ್ದಿತು.

ಅದು ಮತ್ತೆ ಹೊತ್ತಿಕೊಂಡುದು 1886ರಲ್ಲಿ. ಆ ವರ್ಷ ಹದಿಮೂರನೆಯ ಲಿಯೋ ಪೋಪರಿಗೂ ಪೋರ್ಚುಗಲ್ಲಿನ ಅರಸನಿಗೂ ಆದ ಒಡಂಬಡಿಕೆಯಂತೆ ಗೋವೆಯ ಅಧಿಕಾರದ ಎಲ್ಲೆ ಕುಗ್ಗಿತು. ಕೆನರಾದ ಇಗರ್ಜಿಗಳು ಜೆಸ್ವಿತರ ಕೈಯಲ್ಲಿದ್ದ ಮಂಗಳೂರಿನ ಹೊಸ ಧರ್ಮಪ್ರಾಂತಕ್ಕೆ ಸೇರಿದುವು. ತಲೆತಲಾಂತರದಿಂದ ಗೋವೆಯ ಗುರುಗಳನ್ನೇ ತಮ್ಮವರೆಂದು ನಂಬಿ, ಕೊಂಕಣಿಯಲ್ಲಿ ಅವರ ಉಪದೇಶವನ್ನು ಕೇಳಿ ಬೆಳೆದ ಕುಟುಂಬಗಳಿಗೆ, ತಮ್ಮನ್ನು ಕೇಳದೆಯೇ ತಮ್ಮನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸಿಕೊಟ್ಟಂತಾಯಿತು. ಈ ನೋವಿಗೆ ದನಿಯಾದವರು ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸ್. 1836ರಲ್ಲಿ ಗೋವೆಯ ವೆರ್ಣಾ ಗ್ರಾಮದಲ್ಲಿ ಜನಿಸಿ, ಮುಂಬಯಿಯಲ್ಲಿ ಗುರುದೀಕ್ಷೆ ಪಡೆದು, ಪತ್ರಿಕೆಗಳ ಮೂಲಕ ಧರ್ಮಾಧಿಕಾರಿಗಳನ್ನೂ ವಸಾಹತು ಸರಕಾರವನ್ನೂ ನಿರ್ಭಯವಾಗಿ ವಿಮರ್ಶಿಸುತ್ತಿದ್ದ ಇವರು ರೋಮಿನ ಒಡೆತನವನ್ನೇ ತೊರೆದು, ಪ್ರಾಚೀನವೂ ಭಾರತೀಯವೂ ಆದ ಮಲಂಕರ ಸಿರಿಯನ್ ಸಭೆಯ ಬಾಗಿಲನ್ನು ತಟ್ಟಿದರು. 1889ರ ಜುಲೈ ತಿಂಗಳಲ್ಲಿ ಕೋಟ್ಟಯದ ಹಳೆಯ ಸೆಮಿನರಿಯಲ್ಲಿ, ಪರುಮಲದ ಮಾರ್ ಗ್ರಿಗೋರಿಯೋಸರೇ ಮೊದಲಾದ ಧರ್ಮಾಧ್ಯಕ್ಷರ ಹಸ್ತಗಳಿಂದ, ಅಂತಿಯೋಕ್ಯದ ಪಿತೃಪ್ರಧಾನರ ಅನುಜ್ಞೆಯೊಡನೆ, ಅವರಿಗೆ ಮಾರ್ ಜೂಲಿಯೋಸ್ ಎಂಬ ನಾಮದಿಂದ ಪಟ್ಟವಾಯಿತು. ಗೋವೆ, ಸಿಂಹಳ ಮತ್ತು ಮಲಬಾರಿನ ಹೊರಗಣ ಭಾರತವು ಅವರ ಪಾಲಿಗೆ ಬಂದಿತು.

ಬ್ರಹ್ಮಾವರದಲ್ಲಿ ಈ ಪಂಥಕ್ಕೆ ಆಧಾರಸ್ತಂಭವಾದವರು ರೋಕ್ ಜೆಫ್ರಿನ್ ನೊರೋನ್ಹಾ ಎಂಬ ಪಾದ್ರಿಗಳು. ಅವರನ್ನು ಅನುಸರಿಸಿದ ಕುಟುಂಬಗಳ ಪೂಜಾವಿಧಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಭೆಯು ಸಿರಿಯನ್, ಆದರೆ ಬಲಿಪೂಜೆಯ ಮಂತ್ರಗಳು ಹಿಂದಿನಂತೆ ಲ್ಯಾಟಿನಿನವು, ಗುರುವಿನ ಉಡುಪು ಹಿಂದಿನಂತೆ ರೋಮಿನ ರೀತಿಯದು, ಮನೆಯ ಪ್ರಾರ್ಥನೆಯು ಹಿಂದಿನಂತೆ ಕೊಂಕಣಿಯದು. ಬದಲಾದುದು ಯಾರ ಹೆಸರನ್ನು ಹಿಡಿದು ಪ್ರಾರ್ಥಿಸಬೇಕೆಂಬ ಒಂದು ವಿಷಯ. ಪೋಪರ ಬದಲು ಅಂತಿಯೋಕ್ಯದ ಪಿತೃಪ್ರಧಾನರು. ಕಣ್ಣಿಗೆ ಕಾಣುವ ಆಚಾರದಲ್ಲಿ ಇಷ್ಟು ಅಲ್ಪವಾಗಿದ್ದ ಭೇದವು ಸಮಾಜದ ಕಣ್ಣಿನಲ್ಲಿ ಎಷ್ಟು ಅಗಾಧವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಜನರು ಸಿರಿಯನ್ ಪೂಜಾವಿಧಿಯನ್ನು ದೇಶಭಾಷೆಗಳಲ್ಲಿ ಸ್ವೀಕರಿಸಿದರು.

ಆ ಅಲ್ಪ ಭೇದವು ಅಗಾಧವಾದುದು ಹೇಗೆಂದರೆ, ರೋಮನ್ ಸಭೆಯು ಈ ಪಂಥವನ್ನು ಭ್ರಷ್ಟವೆಂದು ಸಾರಿ ಆಲ್ವಾರಿಸರನ್ನು ಬಹಿಷ್ಕರಿಸಿತು. ಬಹಿಷ್ಕೃತನಿಗೆ ಆ ಸಭೆಯ ಗುರುವು ಸಂಸ್ಕಾರ ನೀಡುವಂತಿರಲಿಲ್ಲ, ಅವನ ಶವಕ್ಕೆ ಅದರ ಪವಿತ್ರಭೂಮಿಯಲ್ಲಿ ಎಡೆಯಿರಲಿಲ್ಲ. ಅವನ ಪಂಥದಿಂದ ಹೆಣ್ಣು ತರುವುದಕ್ಕೂ ಅಲ್ಲಿಗೆ ಹೆಣ್ಣು ಕೊಡುವುದಕ್ಕೂ ವಿಶೇಷವಾದ ಅಪ್ಪಣೆ ಬೇಕಾಗಿತ್ತು. ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನ ನೆಂಟರಿಷ್ಟರೆಲ್ಲ ಕೂಡಿ ವಧುವಿಗೂ ವರನಿಗೂ ತೆಂಗಿನಕಾಯಿಯ ಹಾಲನ್ನು ತಲೆಯಿಂದ ಕಾಲಿನವರೆಗೆ ಲೇಪಿಸುವ ರೋಸ್ ಎಂಬ ಆಚಾರವುಂಟು. ಸೋದರಮಾವ, ಚಿಕ್ಕಮ್ಮ, ಅತ್ತಿಗೆ, ನೆರೆಮನೆಯ ಅಜ್ಜಿ ಒಬ್ಬೊಬ್ಬರಾಗಿ ಬಂದು ಹಾಲು ಹಚ್ಚಿ ಹರಸಿದಾಗಲೇ ಆ ಮದುವೆಗೆ ಬಂಧುಗಳ ಸಮ್ಮತಿಯ ಮುದ್ರೆ. ಹೀಗೆ ಹರಸಬೇಕಾದವರ ನಡುವೆ ಧರ್ಮಾಜ್ಞೆಯೊಂದು ಗೋಡೆಯಂತೆ ನಿಂತರೆ, ಅದರ ಪೆಟ್ಟು ವಾದಮಾಡುವ ಪಂಡಿತನಿಗಿಂತ ಮದುವೆಗೆ ಬೆಳೆದ ಹೆಣ್ಣುಮಗಳಿಗೇ ಮೊದಲು ತಗಲುವುದು.

ಕಾಯಿದೆಯು ಈ ವಿಷಯದಲ್ಲಿ ನೀಡಬಲ್ಲ ನೆರವು ಅಲ್ಪವೇ. 1850ರ ಇಪ್ಪತ್ತೊಂದನೆಯ ಕಾಯಿದೆಯು ಮತಾಂತರದಿಂದಲೋ ಜಾತಿಭ್ರಷ್ಟತೆಯಿಂದಲೋ ಒಬ್ಬನ ಆಸ್ತಿಯ ಹಕ್ಕು ಹೋಗದೆಂದು ವಿಧಿಸಿತ್ತು. ಅದಕ್ಕೆ ಆರು ವರ್ಷ ಮುಂಚೆ, 1844ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗರಿಂದ ದೀಕ್ಷೆ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಪ್ರಸಂಗದಲ್ಲಿ ಊರೇ ಕೆರಳಿತ್ತು. ಅವರ ಹೆಂಡತಿಯು ಬಂಧುಗಳ ಬಳಿಯಲ್ಲಿಯೇ ಉಳಿದಳು. ಆಸ್ತಿಯನ್ನು ನ್ಯಾಯಾಲಯವು ಉಳಿಸಿಕೊಡಬಹುದು. ದಾಂಪತ್ಯವನ್ನೂ ನೆಂಟಸ್ತಿಕೆಯನ್ನೂ ಯಾವ ನ್ಯಾಯಾಧೀಶನೂ ಉಳಿಸಿಕೊಡಲಾರನು. ಆದುದರಿಂದ ಶ್ರದ್ಧೆಯ ಸ್ವಾತಂತ್ರ್ಯವು ಶಾಸನದಲ್ಲಿ ಬರೆದಷ್ಟರಿಂದ ಸಿದ್ಧಿಸುವುದಿಲ್ಲ, ನೆರೆಕರೆಯ ಔದಾರ್ಯದಿಂದ ಸಿದ್ಧಿಸುತ್ತದೆ ಎಂಬುದೇ ಈ ಚರಿತ್ರೆಯಿಂದ ನಾನು ಕಲಿತ ಮುಖ್ಯವಾದ ಪಾಠ.

ಇಂತಹ ಜನರಿಗೆ ಮೇಲಧ್ಯಕ್ಷರ ಸನ್ನಿಧಿಯೂ ಸುಲಭವಾಗಿರಲಿಲ್ಲ. ಮಾರ್ ಜೂಲಿಯೋಸರ ಜೀವನವು ಬಹುಪಾಲು ಪ್ರಯಾಣವೇ ಆಗಿತ್ತು: ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ, ಕೆನರಾದಲ್ಲಿ ಮದ್ರಾಸು ಸರಕಾರ, ಕೋಟ್ಟಯದಲ್ಲಿ ತಿರುವಾಂಕೂರಿನ ಮಹಾರಾಜರು, ಕೊಲಂಬೊದಲ್ಲಿ ಸಿಂಹಳದ ಬ್ರಿಟಿಷ್ ಗವರ್ನರು, ನಾಲ್ಕು ಪ್ರಭುತ್ವಗಳ ಗಡಿಗಳನ್ನು ದಾಟಿ ಚದುರಿದ ಒಂದು ಸಮುದಾಯವನ್ನು ಅವರು ಪಾಲಿಸಬೇಕಾಗಿತ್ತು. 1892ರ ಮೇ ತಿಂಗಳಲ್ಲಿ ಕೊಲಂಬೊದಲ್ಲಿ ಅವರು ರೆನೆ ವಿಲಾಟ್ ಎಂಬವರಿಗೆ ಅಮೆರಿಕದ ಬಿಷಪ್ಪರಾಗಿ ಪಟ್ಟಕಟ್ಟಿದರು. ಅಮೆರಿಕದ ಅನೇಕ ಸ್ವತಂತ್ರ ಸಭೆಗಳು ಇಂದಿಗೂ ತಮ್ಮ ಗುರುಪರಂಪರೆಯನ್ನು ಈ ಪಟ್ಟದಿಂದ ಎಣಿಸುತ್ತವೆ. ಗೋವೆಯಲ್ಲಾದರೋ ಅವರನ್ನು ಬಂಧಿಸಿ, ಧರ್ಮಾಧ್ಯಕ್ಷರ ಉಡುಪನ್ನು ಕಳಚಿಸಿ, ವಿಚಾರಣೆಗೆ ನಿಲ್ಲಿಸಲಾಯಿತು. ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಡುಗಡೆಮಾಡಿತು. ಗುರುವು ಹೀಗೆ ಅಲೆಯುತ್ತಿರಲು ಬ್ರಹ್ಮಾವರದ ಮಂದೆಯು ಚದುರದೆ ಉಳಿದುದು ನೊರೋನ್ಹಾ ಪಾದ್ರಿಗಳು ಒಂದೇ ಕಡೆ ಕದಲದೆ ನಿಂತುದರಿಂದ. 1936ರಲ್ಲಿ ತೀರಿಕೊಳ್ಳುವವರೆಗೂ ಅವರು ಶಾಲೆಯನ್ನು ನಡೆಸಿದರು, ಬಡವರ ಆರೈಕೆ ಮಾಡಿದರು. ಅಕ್ಷರ ಕಲಿಯಲು ಮಗನನ್ನು ಕಳುಹಿಸಿದ ತಂದೆಗೆ ಆ ಮೇಷ್ಟರ ಪಂಥವನ್ನು ಹೀಗಳೆಯುವುದು ಕಷ್ಟ. ಸೇಂಟ್ ಮೇರೀಸ್ ಸಿರಿಯನ್ ಎಂಬುದರ ಆದ್ಯಕ್ಷರಗಳಿಂದ ಎಸ್.ಎಂ.ಎಸ್. ಎಂದು ಊರವರೆಲ್ಲರ ಬಾಯಲ್ಲಿ ನೆಲೆಗೊಂಡ ವಿದ್ಯಾಸಂಸ್ಥೆಗಳಿಗೆ ಇಂದು ಸಕಲ ಮತದ ಮಕ್ಕಳೂ ಹೋಗುತ್ತಾರೆ.

ಮಾರ್ ಜೂಲಿಯೋಸರು ಕೊನೆಯ ವರ್ಷಗಳನ್ನು ಪಣಜಿಯಲ್ಲಿ ದೀನರ ಸೇವೆಯಲ್ಲಿ ಕಳೆದರು. ಕಾಲರಾ ರೋಗದ ಚಿಕಿತ್ಸೆಯನ್ನು ಕುರಿತು ಕಿರುಹೊತ್ತಗೆಯನ್ನು ಬರೆದರು. ಕ್ಷಾಮಕ್ಕೆ ಆಸರೆಯಾಗಲೆಂದು ಮರಗೆಣಸಿನ ಬೇಸಾಯವನ್ನು ಪ್ರಚಾರಮಾಡಿದರು. ಅನಾಥರ ಪೋಷಣೆಗಾಗಿ ಬೀದಿಯಲ್ಲಿ ಭಿಕ್ಷೆ ಬೇಡಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ಆಮಶಂಕೆಯಿಂದ ನಿಧನರಾದಾಗ, ಸಾಂತ ಇನೇಜಿನ ಸ್ಮಶಾನದ ಒಂದು ಮೂಲೆಯಲ್ಲಿ, ಯಾವ ಧರ್ಮವಿಧಿಯೂ ಇಲ್ಲದೆ ಅವರನ್ನು ಹೂಳಲಾಯಿತು. ನಾಲ್ಕು ವರ್ಷಗಳ ಮೇಲೆ ಮಿತ್ರರು ಅಸ್ಥಿಗಳನ್ನು ಆಯ್ದು, ಅದೇ ಸ್ಮಶಾನದಲ್ಲಿ ಶಿಲುಬೆಯನ್ನು ನಿಲ್ಲಿಸಿ, ಅಮೃತಶಿಲೆಯ ಕೆಳಗೆ ಇಟ್ಟರು. ಊರಿನ ರೋಗಿಗಳಿಗಾಗಿ ಬದುಕಿದವನಿಗೆ ಊರಿನ ಧರ್ಮವು ಕೊಡಲೊಲ್ಲದೆ ಹೋದ ಗೌರವವನ್ನು ಸ್ನೇಹವು ಹೀಗೆ ಸಲ್ಲಿಸಿತು.

ಹೊಸ ಶ್ರದ್ಧೆಯನ್ನು ಶೋಧಿಸುವವರ ಈ ಕಷ್ಟವು ಒಂದು ಸೀಮೆಗೆ ಮಾತ್ರ ಸೇರಿದುದಲ್ಲ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಮಾರ್ಮನ್ ಸಭೆಯು ಊರಿಂದೂರಿಗೆ ಅಟ್ಟಲ್ಪಟ್ಟಿತು. 1844ರಲ್ಲಿ ಉದ್ರಿಕ್ತ ಜನರು ಸ್ಮಿತ್ತರನ್ನು ಸೆರೆಮನೆಯಲ್ಲಿಯೇ ಕೊಂದರು. ಉಳಿದವರು ಬಯಲುಗಳನ್ನು ದಾಟಿ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದರು. ಅಲ್ಲಿಂದ ಹೊರಟ ರಿಚರ್ಡ್ ಬ್ಯಾಲಂಟೈನ್ ಮತ್ತು ರಾಬರ್ಟ್ ಸ್ಕೆಲ್ಟನ್ 1853ರಲ್ಲಿ ಮದ್ರಾಸಿಗೆ ಬಂದರು. ಪುಣೆಯಲ್ಲಿ ಹ್ಯೂ ಫಿಂಡ್ಲೇಯವರಿಗೆ ಸೈನ್ಯದ ಅಧಿಕಾರಿಗಳು ದಂಡಿನಲ್ಲಿ ಬೋಧಿಸಕೂಡದೆಂದು ತಡೆಯೊಡ್ಡಿದರು. ನಂಬಿದವರೆಲ್ಲ ದೂರದ ಯೂಟಾಕ್ಕೆ ಹೋಗಿ ನೆಲೆಸಬೇಕೆಂಬುದೇ ಆ ಕಾಲದ ಉಪದೇಶವಾದುದರಿಂದ ಆ ಪಂಥವು ಇಲ್ಲಿ ಬೇರುಬಿಡಲಿಲ್ಲ. ಬೆಂಗಳೂರಿನಲ್ಲಿ ಅದರ ಮಿಷನ್ 1993ರಲ್ಲಿ ಆರಂಭವಾಯಿತು. 2020ರ ಡಿಸೆಂಬರಿನಲ್ಲಿ ಅಲ್ಲಿ ದೇವಾಲಯಕ್ಕೆ ಅಡಿಗಲ್ಲಿಡಲಾಯಿತು.

ಕುಂದಾಪುರದ ಕಡೆಯಿಂದ ಬೆಂಗಳೂರಿಗೂ ಮುಂಬಯಿಗೂ ದುಡಿಮೆಗೆ ಹೋಗುವುದು ಇಂದು ನಿನ್ನೆಯ ಮಾತಲ್ಲ. ಸಾಲಿಗ್ರಾಮದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ, ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲನ್ನು ತೆರೆದುದು 1924ರಲ್ಲಿ. ಹಾಗೆ ತಿರುಗುವ ಉದ್ಯೋಗದಲ್ಲಿರುವವನೊಬ್ಬನ ಮನಸ್ಸು ಇಂತಹದೊಂದು ದೂರದ ಮತದತ್ತ ಹೊರಳಿದರೆ ಅವನ ಸ್ಥಿತಿ ಏನಾದೀತು? ಮಾರ್ಮನ್ನರಿಗೆ ಕಾಫಿ, ಚಹಾ, ಮದ್ಯ, ಹೊಗೆಸೊಪ್ಪುಗಳು ವರ್ಜ್ಯ. ಅಪರಿಚಿತರ ನಗರದಲ್ಲಿ ಕಾಫಿಯನ್ನು ಬೇಡವೆಂದರೆ ಯಾರೂ ಕಾರಣ ಕೇಳರು. ಊರಿಗೆ ಬಂದಾಗ ಚಿಕ್ಕಮ್ಮ ಮುಂದಿಟ್ಟ ಲೋಟವನ್ನು ಅವನು ಸರಿಸಿದರೆ ಮನೆಯವರೆಲ್ಲ ಅವನ ಮುಖ ನೋಡುತ್ತಾರೆ. ಪ್ರಯಾಣವು ಶೋಧಕನಿಗೆ ಮರೆಯನ್ನು ಕೊಡುತ್ತದೆ, ಆದರೆ ಆಸರೆಯನ್ನು ಕೊಡಲಾರದು. ಜೊತೆಗೆ ಪ್ರಾರ್ಥಿಸುವವರೂ ಕಷ್ಟಕ್ಕೆ ಒದಗುವವರೂ ಒಂದೆಡೆ ನೆಲೆಸಿದಾಗಲೇ ಆಸರೆ. ಆದರೂ ಅತಿಥಿಗೆ ಮೊದಲು ಬೆಲ್ಲ ನೀರು ಕೊಡುವ ಹಳೆಯ ವಾಡಿಕೆಯುಳ್ಳ ಈ ಸೀಮೆಯಲ್ಲಿ ಅವನನ್ನು ಸತ್ಕರಿಸುವ ದಾರಿ ಇಲ್ಲದಿಲ್ಲ.

2010ರಲ್ಲಿ ಮಲಂಕರ ಸಭೆಯು ಬ್ರಹ್ಮಾವರವನ್ನೇ ಕೇಂದ್ರವಾಗಿಟ್ಟು ಪ್ರತ್ಯೇಕ ಧರ್ಮಪ್ರಾಂತವನ್ನು ರಚಿಸಿತು. ಒಂದು ಕಾಲಕ್ಕೆ ಭ್ರಷ್ಟರೆನಿಸಿದವರ ಕ್ಯಾಥೆಡ್ರಲ್ ಇಂದು ಆ ಪೇಟೆಯ ಸಹಜವಾದ ಅಂಗ. ಅದಕ್ಕೆ ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು, ಆ ಕಾಲದ ಬೆಲೆಯನ್ನು ತೆತ್ತವರು ಹೆಸರಿಲ್ಲದ ಮನೆಮಂದಿ. ಇನ್ನೊಬ್ಬನ ನಂಬಿಕೆಯನ್ನು ಒಪ್ಪುವುದು ಯಾರ ಕರ್ತವ್ಯವೂ ಅಲ್ಲ. ಅವನೊಡನೆ ವಾದಿಸುವುದಕ್ಕೂ, ಅವನ ಮತವು ತಪ್ಪೆಂದು ದೃಢವಾಗಿ ಹೇಳುವುದಕ್ಕೂ ಎಲ್ಲರಿಗೂ ಹಕ್ಕುಂಟು. ಆದರೆ ಅವನ ಮನೆಯ ಮದುವೆಗೆ ಹೋಗುವುದು, ಅವನ ಮನೆಯ ಸಾವಿಗೆ ಹೆಗಲು ಕೊಡುವುದು, ಅವನನ್ನು ತಾಯಿತಂದೆಗಳಿಂದ ಅಗಲಿಸದಿರುವುದು ನೆರೆಯವರಾದ ನಮ್ಮ ಧರ್ಮ. ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಹಿರಿಯರು ಮುಂದೆ ಬರುವ ಶೋಧಕರಿಗೆ ಇಷ್ಟನ್ನು ಇಂದೇ ನಡೆಸಿಕೊಟ್ಟರೆ, ಅವರು ಇನ್ನೊಂದು ಶತಮಾನ ಕಾಯಬೇಕಾಗಿ ಬಾರದು.